ರೆಡಿಸ್ ಇಲ್ಲದೆ ಐದು ವರ್ಕರ್‌ಗಳಿಗೆ ಒಂದೇ ಕ್ಯಾಶ್: ನನ್ನ ಅನುಭವ

ನಾನು ನಡೆಸುವ ಕನ್ನಡ ನಿಘಂಟಿನ ಹುಡುಕಾಟ ಸೇವೆಯನ್ನು ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜಾಂಗೋದಲ್ಲಿ ಬರೆದಿದ್ದೇನೆ. ಎರಡು ಕೋರ್, 2 ಜಿಬಿ ಮೆಮೊರಿಯ ಸರ್ವರ್‌ನಲ್ಲಿ ಅದು ಗುನಿಕಾರ್ನ್ ಎಂಬ ವೆಬ್ ಸರ್ವರ್ ತಂತ್ರಾಂಶದ ಐದು ವರ್ಕರ್‌ಗಳೊಂದಿಗೆ (ವಿನಂತಿಗಳಿಗೆ ಉತ್ತರಿಸುವ ಪ್ರತ್ಯೇಕ ಪ್ರೊಸೆಸ್‌ಗಳು) ಓಡುತ್ತದೆ. ಬಾಡಿಗೆ ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸು. ಐದಕ್ಕೂ ಒಂದೇ ಕ್ಯಾಶ್ (ಸಿದ್ಧ ಉತ್ತರಗಳ ತಾತ್ಕಾಲಿಕ ಸಂಗ್ರಹ) ಬೇಕೆಂದಾಗ ಬಲ್ಲವರೆಲ್ಲ ಮೆಮೊರಿಯಲ್ಲಿ ದತ್ತಾಂಶ ಇಡುವ ರೆಡಿಸ್ ಸೇವೆಯನ್ನು ಹೊರಗಿನಿಂದ ಪಡೆಯಲು ಹೇಳಿದರು. ಅದರ ದರವೇ ಸರ್ವರ್ ಬಾಡಿಗೆಯನ್ನು ಮೀರುತ್ತಿತ್ತು. ಎಲ್‌ಎಂಡಿಬಿ ಎಂಬ ಪುಟ್ಟ ಡೇಟಾಬೇಸ್‌ನ ಕಡತವೊಂದನ್ನು ವರ್ಕರ್‌ಗಳು ಹಂಚಿಕೊಂಡರೆ ಸಾಕೆಂಬ ನನ್ನ ಮಾತನ್ನು ಯಾರೂ ನಂಬಲಿಲ್ಲ. ಅದು ವರ್ಷಕ್ಕೂ ಹೆಚ್ಚು ಕಾಲದಿಂದ ತಡೆಯಿಲ್ಲದೆ ನಡೆಯುತ್ತಿದೆ.

ಅದಕ್ಕೂ ಮೊದಲು, ಪ್ರತಿ ವರ್ಕರ್‌ನ ಮೆಮೊರಿಯಲ್ಲಿ ಬೇರೆಬೇರೆ ಪ್ರತಿ ಇಡುವ ಜಾಂಗೋದ ಲಾಕ್‌ಮೆಮ್ ಕ್ಯಾಶ್ ಕೈಕೊಟ್ಟಿತ್ತು. ಸಂಪಾದಕರು ಅರ್ಥವೊಂದನ್ನು ತಿದ್ದಿದ ಮೇಲೂ ಪುಟವನ್ನು ಮತ್ತೆ ಮತ್ತೆ ತೆರೆದಾಗ ಹಳೆಯದು ಒಮ್ಮೆ, ಹೊಸದು ಒಮ್ಮೆ ಕಾಣಿಸುತ್ತಿತ್ತು. ಅದರ 300 ನಮೂದುಗಳ ಮಿತಿಯನ್ನು ಏರಿಸಿದರೆ ಮೆಮೊರಿಯ ಖರ್ಚು ಐದು ಪಟ್ಟಾಗುತ್ತಿತ್ತು. ಮ್ಯಾಕ್ಸ್-ರಿಕ್ವೆಸ್ಟ್ಸ್ (ಒಂದು ವರ್ಕರ್ ನಿಭಾಯಿಸುವ ವಿನಂತಿಗಳ ಮಿತಿ) ಮುಟ್ಟಿ ವರ್ಕರ್ ಬದಲಾದಾಗ ಅದರಲ್ಲಿದ್ದ ಎಲ್ಲವೂ ಖಾಲಿಯಾಗುತ್ತಿತ್ತು. ಪ್ರಿಲೋಡ್ ಆಯ್ಕೆ ಹಾಕಿ ನಿಘಂಟನ್ನು ಫೋರ್ಕ್‌ಗೆ (ಮೂಲ ಪ್ರೊಸೆಸ್‌ನಿಂದ ವರ್ಕರ್‌ಗಳು ಕವಲೊಡೆಯುವುದಕ್ಕೆ) ಮೊದಲೇ ಮೆಮೊರಿಗೆ ತುಂಬಿಸಿದೆ. ಆದರೆ ಪೈಥಾನ್ ಓದುವಾಗಲೂ ರೆಫರೆನ್ಸ್ ಎಣಿಕೆಯನ್ನು (ವಸ್ತುವೊಂದು ಎಷ್ಟು ಕಡೆ ಬಳಕೆಯಲ್ಲಿದೆ ಎಂಬ ಲೆಕ್ಕ) ತಿದ್ದುವುದರಿಂದ ಹಂಚಿಕೊಂಡ ಮೆಮೊರಿ ಪುಟಗಳು ಕೆಲವೇ ಗಂಟೆಗಳಲ್ಲಿ ಬೇರೆಬೇರೆ ಪ್ರತಿಗಳಾದವು, ಮೆಮೊರಿ ಶುಚಿಗೊಳಿಸುವ ಜಿಸಿ ಆ ವಸ್ತುಗಳನ್ನು ಮುಟ್ಟದಂತೆ ಮಾಡುವ ಜಿಸಿ ಫ್ರೀಜ್‌ನಿಂದ ಅಲ್ಪ ಲಾಭವಷ್ಟೇ ಸಿಕ್ಕಿತು. ಅದೇ ಯಂತ್ರದಲ್ಲಿ ರೆಡಿಸ್ ಹಾಕಿದಾಗ ಕೆಲಸವೇನೋ ನಡೆಯಿತು. ಆದರೆ ಒಂದು ಪದದ ಪುಟ ನಲವತ್ತು–ಐವತ್ತು ಬಾರಿ ಕ್ಯಾಶ್ ಕೇಳುತ್ತದೆ, ಪ್ರತಿ ಬಾರಿಯೂ ಸಾಕೆಟ್ (ಪ್ರೊಸೆಸ್‌ಗಳ ನಡುವಿನ ಸಂಪರ್ಕ) ದಾಟಿ ಹೋಗಿಬರಬೇಕಿತ್ತು.

ಎಲ್‌ಎಂಡಿಬಿಯಲ್ಲಿ ಎಲ್ಲ ವರ್ಕರ್‌ಗಳೂ ಮೆಮೊರಿಗೆ ಮ್ಯಾಪ್ ಮಾಡಿದ ಒಂದೇ ಕಡತವನ್ನು ಓದುತ್ತವೆ. ಓದುವವರು ಬರೆಯುವವರನ್ನು ತಡೆಯುವುದಿಲ್ಲ. ಕಡತವನ್ನು ಫೋರ್ಕ್ ಆದ ಮೇಲೆ ಓಡುವ ಪೋಸ್ಟ್-ಫೋರ್ಕ್ ಹುಕ್‌ನಲ್ಲಿಯೇ ತೆರೆಯಬೇಕು, ಏಕೆಂದರೆ ಫೋರ್ಕ್‌ಗೆ ಮೊದಲು ತೆರೆದದ್ದನ್ನು ಮರಿ ಪ್ರೊಸೆಸ್‌ನಲ್ಲಿ ಬಳಸುವಂತಿಲ್ಲ. ಮ್ಯಾಪ್ ಗಾತ್ರ (ಕಡತ ಬೆಳೆಯಬಹುದಾದ ಮಿತಿ) ತಾನಾಗಿ 10 ಎಂಬಿ ಮಾತ್ರ. ನಾನು 256ಕ್ಕೆ ಏರಿಸಿದ್ದೇನೆ. ಟೈಮ್‌ಔಟ್ ಆಗಿ ಸತ್ತ ವರ್ಕರ್‌ಗಳ ರೀಡರ್ ಸ್ಥಾನಗಳು (ಯಾರು ಓದುತ್ತಿದ್ದಾರೆಂಬ ಗುರುತುಗಳು) ಹಾಗೆಯೇ ಉಳಿಯಬಹುದಾದ್ದರಿಂದ ಪ್ರತಿ ಹೊಸ ವರ್ಕರ್ ಆರಂಭದಲ್ಲಿ ಅವನ್ನು ತೆರವುಗೊಳಿಸುವ ರೀಡರ್-ಚೆಕ್ ನಡೆಸುತ್ತದೆ.

ಹೆಚ್ಚು ಕಾಡಿದ್ದು ಬೇರೆಯದೇ. ಕಡತ ಮೆಮೊರಿಯಲ್ಲೇ ಇರುವ ಫೋಲ್ಡರ್ ಆದ /ಡೆವ್/ಎಸ್‌ಎಚ್‌ಎಂ‌ನಲ್ಲಿತ್ತು. ನಾನು ಎಸ್‌ಎಸ್‌ಎಚ್‌ನಿಂದ (ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ವಿಧಾನ) ಹೊರಬಂದ ಸ್ವಲ್ಪ ಹೊತ್ತಿಗೆ ಒಂದೇ ಸರ್ವರ್‌ನಲ್ಲಿ ಎರಡು ಕ್ಯಾಶ್‌ಗಳು ಕಾಣಿಸಿಕೊಳ್ಳುತ್ತಿದ್ದವು. ಸಾಮಾನ್ಯ ಬಳಕೆದಾರ ಪೂರ್ತಿ ಲಾಗ್‌ಔಟ್ ಆದಾಗ ಲಿನಕ್ಸ್‌ನ ಸೇವಾ ನಿರ್ವಾಹಕ ಸಿಸ್ಟಮ್‌ಡಿಯ ರಿಮೂವ್‌ಐಪಿಸಿ ಆಯ್ಕೆ ಅಲ್ಲಿನ ಅವನ ಕಡತಗಳನ್ನು ಅಳಿಸುತ್ತದೆ. ಹಳೆಯ ವರ್ಕರ್‌ಗಳು ಅಳಿದ ಕಡತವನ್ನೇ ಹಿಡಿದಿರುತ್ತಿದ್ದವು, ಹೊಸದಾಗಿ ಹುಟ್ಟಿದವು ಬೇರೊಂದನ್ನು ಸೃಷ್ಟಿಸಿಕೊಳ್ಳುತ್ತಿದ್ದವು. ಸೇವೆಯನ್ನು ಸಿಸ್ಟಮ್ ಖಾತೆಗೆ ವರ್ಗಾಯಿಸಿದ ಮೇಲೆ ಇದು ನಿಂತಿತು.

ಕೀ (ಕ್ಯಾಶ್‌ನಲ್ಲಿ ಉತ್ತರವನ್ನು ಗುರುತಿಸುವ ಹೆಸರು) ವಿಷಯದಲ್ಲಿ ಕನ್ನಡಕ್ಕೆ ಅದರದೇ ತೊಡಕಿದೆ. ‘ಶಿವಮೊಗ್ಗ’ ಯುಟಿಎಫ್-8ರಲ್ಲಿ 24 ಬೈಟ್; ವಿಳಾಸದಲ್ಲಿ ಶೇಕಡಾ ಚಿಹ್ನೆಗಳೊಂದಿಗೆ ಬಂದರೆ 72. ಗಾದೆಯೊಂದನ್ನು ಈ ರೂಪದಲ್ಲಿ ಹುಡುಕಿದರೆ ಕೀಗೆ ಎಲ್‌ಎಂಡಿಬಿ ಇಟ್ಟಿರುವ 511 ಬೈಟ್‌ಗಳ ಮಿತಿ ಸುಲಭವಾಗಿ ದಾಟುತ್ತದೆ. ಜೊತೆಗೆ ‘ೊ’ ಒಂದೇ ಸಂಕೇತವಾಗಿಯೂ ಬರಬಹುದು, ‘ೆ’ ಮತ್ತು ‘ೂ’ ಸೇರಿಯೂ ಬರಬಹುದು. ಕಣ್ಣಿಗೆ ಒಂದೇ ಆದರೂ ಕ್ಯಾಶ್‌ಗೆ ಅವು ಎರಡು ಪದಗಳು. ಆದ್ದರಿಂದ ಮೊದಲು ಇಂಥವನ್ನು ಒಂದೇ ಸಂಕೇತಕ್ಕೆ ತರುವ ಎನ್‌ಎಫ್‌ಸಿ ರೂಪಕ್ಕೆ ಪರಿವರ್ತಿಸಿ, ಅನಂತರ ಬ್ಲೇಕ್2ಬಿ ಹ್ಯಾಶ್ (ಎಷ್ಟೇ ಉದ್ದದ ಪಠ್ಯಕ್ಕೂ ನಿಗದಿತ ಉದ್ದದ ಗುರುತು) ತೆಗೆಯುತ್ತೇನೆ. ಪೈಥಾನ್‌ನ ಸ್ವಂತ ಹ್ಯಾಶ್ ಬೇಡ: ಫೋರ್ಕ್ ಆದ ವರ್ಕರ್‌ಗಳಲ್ಲಿ ಅದು ಹೊಂದಿಕೊಂಡರೂ ರಾತ್ರಿ ತಾನಾಗಿ ಬೇರೆ ಪ್ರೊಸೆಸ್ ಆಗಿ ಓಡುವ ಕ್ರಾನ್ ಕೆಲಸದಲ್ಲಿ ಬೇರೆಯೇ ಬರುತ್ತದೆ.

ಹಳತನ್ನು ನಾನು ಕೀ ಹುಡುಕಿ ಅಳಿಸುವುದಿಲ್ಲ. ಕಡತದಲ್ಲಿಯೇ ಒಂದು ತಲೆಮಾರಿನ ಸಂಖ್ಯೆಯಿದ್ದು, ತಿದ್ದುಪಡಿಯಾದಾಗ ಅದು ಒಂದು ಹೆಚ್ಚುತ್ತದೆ. ಆ ಸಂಖ್ಯೆ ಪ್ರತಿ ಕೀಯಲ್ಲಿಯೂ ಸೇರಿರುತ್ತದೆ. ಆಗ ಐದೂ ವರ್ಕರ್‌ಗಳು ಒಟ್ಟಿಗೆ ಡೇಟಾಬೇಸ್ ಮೇಲೆ ಬೀಳದಂತೆ, ಓವರ್‌ರೈಟ್ (ಇದ್ದದ್ದರ ಮೇಲೆ ಬರೆಯುವುದು) ನಿಷೇಧಿಸಿ ಗುರುತೊಂದನ್ನು ಬರೆಯಲು ಯಾವುದಕ್ಕೆ ಸಾಧ್ಯವಾಯಿತೋ ಅದು ಮಾತ್ರ ಹೊಸ ಉತ್ತರವನ್ನು ತಯಾರಿಸುತ್ತದೆ, ಉಳಿದವು ಹಿಂದಿನ ತಲೆಮಾರಿನ ಉತ್ತರವನ್ನೇ ಕೊಡುತ್ತವೆ. ಒಂದು ಪದ ತಿದ್ದಿದರೆ ಇಡೀ ನಿಘಂಟು ಹಳತಾಗದಂತೆ ಈ ಸಂಖ್ಯೆಯನ್ನು ಹೇಗೆ ಹಂಚಿದ್ದೇನೆಂಬುದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಳ್ಳುತ್ತೇನೆ.

ದಟ್ಟಣೆಯ ವೇಳೆ ಕಾಲು ಸೆಕೆಂಡ್ ಹಿಡಿಯುತ್ತಿದ್ದ ಪುಟ ಈಗ 30–40 ಮಿಲಿಸೆಕೆಂಡ್‌ಗಳಲ್ಲಿ ಬರುತ್ತದೆ. ಬಾಡಿಗೆ ಒಂದು ರೂಪಾಯಿಯೂ ಏರಿಲ್ಲ. ನಮ್ಮಲ್ಲಿ ಓದು ಹೆಚ್ಚು, ಬರಹ ಕಡಿಮೆ. ಪ್ರತಿ ವಿನಂತಿಗೂ ಬರೆಯಬೇಕಾದ ಸೆಷನ್‌ಗಳನ್ನು ಮಾತ್ರ ನಾನು ಇದರಲ್ಲಿ ಇಟ್ಟಿಲ್ಲ, ಇಡುವುದೂ ಇಲ್ಲ.