ಮುಂಜಾನಿ ಗ್ಯಾಸ್ ಹಚ್ಚದ ಡಬ್ಬಿ: ನಾ ಮಾಡ್ಕೊಳ್ಳೋ ಶೇಂಗಾ ಹಿಂಡಿ ರೋಲ್

ಮುಂಜಾನಿ ಅವಸರದಾಗ ಡಬ್ಬಿಗೆ ಏನು ಹಾಕ್ಕೊಳ್ಳೋದು ಅಂತ ಕೇಳೋರಿಗೆಲ್ಲ ನಾ ಹೇಳೋದು ಇದೊಂದ, ರೋಲ್ ಮಾಡ್ಕೊಂಡು ಹೋಗ್ರಿ. ರಾತ್ರಿ ಊಟಕ್ಕ ಚಪಾತಿ ಮಾಡುವಾಗನ ಎರಡು ಜಾಸ್ತಿ ಮಾಡಿ ಅರಿವಿಯೊಳಗ ಸುತ್ತಿ ಇಟ್ಟಿರ್ತೀನಿ, ಮುಂಜಾನಿ ಗ್ಯಾಸ್ ಹಚ್ಚೋ ಮಾತ ಇಲ್ಲ. ನಮ್ಮ ಧಾರವಾಡ ಕಡೆ ರೊಟ್ಟಿ ಜೋಡಿ ಹಸಿ ಮೆಂತ್ಯ ತಪ್ಪಲ, ಸೌತಿಕಾಯಿ, ಉಳ್ಳಾಗಡ್ಡಿ, ಹಿಂಡಿ (ಕುಟ್ಟಿದ ಒಣ ಚಟ್ನಿಪುಡಿ), ಮೊಸರು ಹಚ್ಕೊಂಡು ತಿನ್ನೋದು ಮೊದಲಿಂದನೂ ಅದ, ಆ ತಾಟಿನಾಗಿಂದೆಲ್ಲ ಚಪಾತಿಯೊಳಗ ಸುತ್ತಿದ್ರ ಆತು. ಜೋಳದ ರೊಟ್ಟಿ ಇದಕ್ಕ ಬ್ಯಾಡ, ಬಿಸಿ ಇದ್ದಾಗ ಮೆತ್ತಗ ಇರ್ತದ ಖರೆ, ಆರಿದ ಮ್ಯಾಲೆ ಸುತ್ತಾಕ ಹೋದ್ರ ಸೀಳ್ತದ, ಗೋಧಿಯೊಳಗ ಇರೋ ಅಂಟು ಜೋಳಕ್ಕ ಇಲ್ಲ.

ಇದರಾಗ ಇರೋ ಕೆಲಸ ಅಂದ್ರ ನೀರು ತಡಿಯೋದು. ಮುಂಜಾನಿ ಸುತ್ತಿದ್ದನ್ನ ತಿನ್ನೋ ಹೊತ್ತಿಗೆ ಐದು ತಾಸು ಆಗಿರ್ತದ, ಸೌತಿಕಾಯಿಗೆ ಉಪ್ಪು ತಾಗಿದ್ರ ನೀರು ಬಿಟ್ಟು ಚಪಾತಿ ರಾಡಿ ಆಗಿಬಿಡ್ತದ. ಅದಕ್ಕ ಕಾಯಿಪಲ್ಯಕ್ಕ ಉಪ್ಪು ಹಾಕೂದ ಇಲ್ಲ, ಹಿಂಡಿಯೊಳಗಿನ ಉಪ್ಪು ಸಾಕು. ಸೌತಿಕಾಯಿ ಉದ್ದಕ ಸೀಳಿ ನಡುವಿನ ಬೀಜ ಚಮಚಲೆ ಕೆರದು ತಗದು, ಬೆರಳುದ್ದ ತೆಳ್ಳಗ ಹೆಚ್ಚಿ ಅರಿವಿಯಾಗ ಒತ್ತಿ ಒರಸ್ತೀನಿ. ಮೊಸರು ಹಂಗ ಹಾಕಿದ್ರ ನಡೆಯಂಗಿಲ್ಲ, ರಾತ್ರಿನ ತೆಳ್ಳನ ಬಿಳಿ ಅರಿವಿಯಾಗ ಕಟ್ಟಿ ಜರಡಿ ಮ್ಯಾಲಿಟ್ಟು ಕೆಳಗ ಬಟ್ಟಲ ಇಟ್ಟು ಫ್ರಿಜ್ಜಿನಾಗ ಬಿಡ್ತೀನಿ, ಮುಂಜಾನಿ ಶ್ರೀಖಂಡಕ್ಕ ಬೇಕಾಗೋ ಚಕ್ಕಾ, ಅಂದ್ರ ನೀರು ಬಸಿದ ಗಟ್ಟಿ ಮೊಸರು, ತಯಾರ ಇರ್ತದ. ಬಟ್ಟಲದಾಗ ಇಳಿದ ಹುಳಿ ನೀರು ಚೆಲ್ಲಬ್ಯಾಡ್ರಿ, ಚಪಾತಿ ಹಿಟ್ಟು ನಾದಾಕ ಭಾಳ ಚೊಲೋ.

ಹಿಂಡಿ ಮಾತ್ರ ಮನಿದ ಆಗಬೇಕು. ಹುರದ ಶೇಂಗಾ, ಒಣ ಖಾರ, ಬಳ್ಳೊಳ್ಳಿ, ಜೀರಿಗಿ, ಉಪ್ಪು, ಚೂರು ಬೆಲ್ಲ. ಒಂದು ಸಲ ಕುಟ್ಟಿಟ್ರ ವಾರಗಟ್ಲೆ ಇರ್ತದ. ಮಿಕ್ಸಿ ಆದ್ರ ನಿಲ್ಲಿಸಿ ನಿಲ್ಲಿಸಿ ತಿರುವ್ರಿ, ಒಂದ ಸವನ ಬಿಟ್ರ ಶೇಂಗಾ ಎಣ್ಣಿ ಬಿಟ್ಟು ಮುದ್ದಿ ಆಗ್ತದ, ನಮಗ ಬೇಕಾದ್ದು ತರಿತರಿ ಪುಡಿ, ಯಾಕಂದ್ರ ಸೌತಿಕಾಯಿ ಬಿಟ್ಟ ಚೂರುಪಾರು ನೀರು ಹೀರೋದು ಆ ಪುಡಿನ.

ಇನ್ನ ಸುತ್ತೋದು ಐದು ನಿಮಿಷದ್ದು. ಚಪಾತಿಗೆ ತೆಳ್ಳಗ ತುಪ್ಪ ಸವರಿ, ಮ್ಯಾಲೆ 2 ಚಮಚ ಹಿಂಡಿ ಉದುರಿಸಿ, ಅದರ ಮ್ಯಾಲೆ ಚಕ್ಕಾ, ಆಮ್ಯಾಲೆ ಸೌತಿಕಾಯಿ, ಉಳ್ಳಾಗಡ್ಡಿ, ಒಂದು ಹಿಡಿ ಎಳಿ ಮೆಂತ್ಯ ತಪ್ಪಲ. ತಪ್ಪಲ ರಾತ್ರಿನ ತೊಳದು ಆರಿಸಿಡ್ರಿ. ಕಹಿ ಅಂತ ಬಿಡಬ್ಯಾಡ್ರಿ, ಚಕ್ಕಾದ ಹುಳಿ, ಬೆಲ್ಲದ ಸಿಹಿ ಜೋಡಿ ಆ ಕಹಿ ಎಷ್ಟು ಹೊಂದ್ತದ ಅಂದ್ರ ಅದಿಲ್ಲದ ರೋಲ್ ನನಗ ಸಪ್ಪಗ ಅನಸ್ತದ. ಹಸಿವಿ ಭಾಳ ಇರೋರು ಮೊಳಕಿ ಬಂದ ಹೆಸರು ಕಾಳು ಸೇರಿಸ್ಕೋರಿ. ತಳಗಿನ ತುದಿ ಒಳಗ ಮಡಚಿ ಬಿಗಿಯಾಗಿ ಸುತ್ತಿ ಬಟರ್ ಪೇಪರ್ ಹಾಕ್ತೀನಿ. ಹಳೇ ನ್ಯೂಸ್‌ಪೇಪರ್ ದಯವಿಟ್ಟು ಬ್ಯಾಡ, ಅದರ ಶಾಯಿ ಊಟಕ್ಕ ಹತ್ತತದ, ದೇಶದ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐನವ್ರು 2016ರಾಗೂ 2023ರಾಗೂ ಇದನ್ನ ಹೇಳ್ಯಾರ.

ಬ್ಯಾಸಿಗ್ಯಾಗ ಚಕ್ಕಾ ಒಳಗ ಹಾಕಂಗಿಲ್ಲ, ಮಧ್ಯಾಹ್ನದೊಳಗ ಭಾಳ ಹುಳಿ ಬರ್ತದ. ಆಫೀಸಿನ ಫ್ರಿಜ್ಜಿನಾಗ ಸಣ್ಣ ಡಬ್ಬಿಯಾಗ ಇಟ್ಟು ಅದ್ದಿಕೊಂಡು ತಿಂತೀನಿ, ಆವಾಗ ಶೇಂಗಾ ಬದಲಿ ಗುರೆಳ್ಳು ಹಿಂಡಿ ಹಾಕಿದ್ರ ಇನ್ನೂ ರುಚಿ.