ಸರಳರೇಖೆಯ 180, ತ್ರಿಭುಜದ 180: ಕೋನ ಕಂಡುಹಿಡಿಯುವುದನ್ನು ಕಲಿಸಿದ ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಒಂಬತ್ತನೇ ತರಗತಿಗೆ ಬರುವ ಮಕ್ಕಳಿಗೆ ತ್ರಿಭುಜದ ಮೂರು ಒಳಕೋನಗಳ ಮೊತ್ತ 180 ಡಿಗ್ರಿ ಎಂಬುದು ಬಾಯಿಪಾಠವಾಗಿರುತ್ತದೆ. ಸರಳರೇಖೆಯ ಮೇಲೆ ಅಕ್ಕಪಕ್ಕ ಕೂರುವಂಥ ಪರಿಪೂರಕ ಕೋನಗಳ ಮೊತ್ತವೂ 180 ಡಿಗ್ರಿ ಎಂದು ಹೇಳಬಲ್ಲರು. ಎರಡು ಕೋನಗಳನ್ನು ಕೊಟ್ಟು ಮೂರನೆಯದನ್ನು ಕೇಳಿದರೆ ಕೂಡಿ ಕಳೆದು ಥಟ್ಟನೆ ಉತ್ತರ ಕೊಡುತ್ತಾರೆ. ಆದರೆ ತ್ರಿಭುಜದ ಒಂದು ಬಾಹುವನ್ನು ಮುಂದಕ್ಕೆ ವೃದ್ಧಿಸಿ ಹೊರಗಿನ ಕೋನವನ್ನು ಮಾತ್ರ ಕೊಟ್ಟಾಗ, ಅಥವಾ ಎರಡು ತ್ರಿಭುಜಗಳು ಒಂದೇ ಬಿಂದುವಿನಲ್ಲಿ ಕೂಡಿಕೊಂಡಾಗ, ಅದೇ ಮಕ್ಕಳ ಪೆನ್ಸಿಲ್ ನಿಂತುಬಿಡುತ್ತದೆ. ಎರಡು ನಿಯಮಗಳೂ ಗೊತ್ತಿದ್ದು, ಯಾವುದನ್ನು ಎಲ್ಲಿ ಹಿಡಿಯಬೇಕೆಂಬುದು ತಿಳಿಯದಿರುವುದೇ ಇದಕ್ಕೆ ಕಾರಣ. ಮಕ್ಕಳು ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ, ಒಂದಕ್ಕೊಂದು ನಂಟಿಲ್ಲದ ನಿಯಮಗಳಂತೆ ಕಲಿತು ಬಂದಿರುತ್ತಾರೆ. ಅವೆರಡೂ ಒಂದೇ 180 ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದರೆ ಉಳಿದ ಕೆಲಸ ಹಗುರವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ನಾನು ಹಳೆಯ ಕ್ಯಾಲೆಂಡರ್ ಹಾಳೆಗಳಿಂದ ಪಾಠ ಆರಂಭಿಸುತ್ತೇನೆ. ಪ್ರತಿಯೊಬ್ಬರೂ ತಮಗೆ ತೋಚಿದ ಆಕಾರದ ತ್ರಿಭುಜವನ್ನು ಕತ್ತರಿಸಿ, ಮೂರು ಮೂಲೆಗಳಿಗೂ ಬಣ್ಣ ಹಚ್ಚಿ, ಅವುಗಳನ್ನು ಹರಿದು, ನೋಟ್‌ಬುಕ್ಕಿನಲ್ಲಿ ಎಳೆದ ಒಂದು ಗೆರೆಯ ಮೇಲೆ ಮೂರೂ ಶೃಂಗಗಳು ಒಂದೇ ಬಿಂದುವಿನಲ್ಲಿ ಕೂಡುವಂತೆ ಅಂಟಿಸಬೇಕು. ಉದ್ದನೆಯ ತ್ರಿಭುಜವಿರಲಿ, ಚಪ್ಪಟೆ ತ್ರಿಭುಜವಿರಲಿ, ಮೂರು ಮೂಲೆಗಳೂ ಆ ಗೆರೆಯ ಒಂದು ಮಗ್ಗುಲನ್ನು ತುಂಬಿ ನಿಲ್ಲುತ್ತವೆ. ಇಷ್ಟಕ್ಕೇ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಹರಿದ ಹಾಳೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿದೇ ಉಳಿಯುತ್ತದೆ. ಕೋನಮಾಪಕದಿಂದ ಅಳೆದವರಿಗೆ ಒಮ್ಮೆ 179, ಒಮ್ಮೆ 181 ಬರುತ್ತದೆ. ಸರಿಯಾಗಿ 180 ಎಂದು ಹೇಳುವ ಅಧಿಕಾರ ನಮಗೆ ಬರುವುದು ಸಾಧನೆಯಿಂದ, ಅಂದರೆ ತರ್ಕದಿಂದ ಸಾಧಿಸಿ ತೋರಿಸುವುದರಿಂದ ಮಾತ್ರ.

ಆ ಸಾಧನೆಯನ್ನು ನಾನು ಎರಡು ರೀತಿಯಲ್ಲಿ ಮಾಡಿಸುತ್ತೇನೆ. ಅಬಕ ಎಂಬ ತ್ರಿಭುಜದಲ್ಲಿ ಮೇಲಿನ ಶೃಂಗ ಅ ಮೂಲಕ ಪಾದ ಬಕಗೆ ಸಮಾಂತರವಾಗಿ ಒಂದು ಗೆರೆ ಎಳೆದರೆ, ಬ ಕೋನವೂ ಕ ಕೋನವೂ ಪರ್ಯಾಯ ಕೋನಗಳಾಗಿ (ಸಮಾಂತರ ಗೆರೆಗಳ ನಡುವೆ, ಅವನ್ನು ಕಡಿಯುವ ಗೆರೆಯ ಎದುರುಬದುರು ಮಗ್ಗುಲಲ್ಲಿರುವ ಸಮ ಕೋನಗಳಾಗಿ) ಮೇಲಕ್ಕೆ ಬಂದು ಅ ಕೋನದ ಎಡಬಲಗಳಲ್ಲಿ ಕೂರುತ್ತವೆ, ಮೂರೂ ಸೇರಿ ಆ ಗೆರೆಯ ಮೇಲಿನ 180 ಡಿಗ್ರಿಯ ಸರಳಕೋನವಾಗುತ್ತವೆ. ಈ ಸಾಧನೆ ಪೈಥಾಗೊರಸನ ಪರಂಪರೆಯವರದು ಎಂದು ಗಣಿತದ ಇತಿಹಾಸ ಬರೆದ ಗ್ರೀಕ್ ವಿದ್ವಾಂಸ ಯುಡೀಮಸ್ ಹೇಳಿದ್ದನ್ನು ಯೂಕ್ಲಿಡನಿಗೆ ವ್ಯಾಖ್ಯಾನ ಬರೆದ ಐದನೇ ಶತಮಾನದ ಪ್ರೋಕ್ಲಸ್ ದಾಖಲಿಸಿದ್ದಾನೆ. ಗ್ರೀಕ್ ಗಣಿತಜ್ಞ ಯೂಕ್ಲಿಡ್ ತನ್ನ ‘ಎಲಿಮೆಂಟ್ಸ್’ ಗ್ರಂಥದ ಮೊದಲನೇ ಸಂಪುಟದ 32ನೇ ಪ್ರಮೇಯದಲ್ಲಿ ಬೇರೆ ಹಾದಿ ಹಿಡಿಯುತ್ತಾನೆ: ಬಕ ಬಾಹುವನ್ನು ಡ ವರೆಗೆ ವೃದ್ಧಿಸಿ, ಕ ಬಿಂದುವಿನಿಂದ ಅಬ ಬಾಹುವಿಗೆ ಸಮಾಂತರ ರೇಖೆಯನ್ನು ಎಳೆಯುತ್ತಾನೆ. ಆಗ ಹೊರಗಿನ ಅಕಡ ಕೋನ ಎರಡು ಭಾಗವಾಗಿ, ಒಂದು ಭಾಗ ಅ ಕೋನಕ್ಕೆ ಪರ್ಯಾಯವಾಗಿಯೂ ಇನ್ನೊಂದು ಭಾಗ ಬ ಕೋನಕ್ಕೆ ಅನುರೂಪವಾಗಿಯೂ (ಕಡಿಯುವ ಗೆರೆಯ ಒಂದೇ ಮಗ್ಗುಲಲ್ಲಿ, ಒಂದೇ ಬಗೆಯ ಸ್ಥಾನದಲ್ಲಿ) ಸಮವಾಗುತ್ತದೆ. ಎರಡನೆಯದೇ ನನಗೆ ಹೆಚ್ಚು ಪ್ರಿಯ. ಬಾಹ್ಯಕೋನವು, ಅಂದರೆ ಹೊರಗಿನ ಕೋನವು, ಎರಡು ಅಂತರಾಭಿಮುಖ ಕೋನಗಳ (ಅದರ ಪಕ್ಕದಲ್ಲಿಲ್ಲದ ಎರಡು ಒಳಕೋನಗಳ) ಮೊತ್ತಕ್ಕೆ ಸಮ ಎಂಬುದು ಅದರಲ್ಲಿ ಮೊದಲು ಬರುತ್ತದೆ, ಪಕ್ಕದ ಒಳಕೋನವನ್ನು ಸೇರಿಸಿದ ಕೂಡಲೇ ತ್ರಿಭುಜದ 180 ಬರುತ್ತದೆ, ಆ 180 ಬಂದದ್ದು ಬಕಡ ಎಂಬ ಸರಳರೇಖೆಯಿಂದಲೇ ಎಂಬುದು ಚಿತ್ರದಲ್ಲೇ ಎದ್ದು ಕಾಣುತ್ತದೆ.

ಇದಾದ ಮೇಲೆ ಕೊಡುವ ಮೊದಲ ಲೆಕ್ಕ ಸರಳವಾದದ್ದು. ಅಕಡ ಬಾಹ್ಯಕೋನ 118 ಡಿಗ್ರಿ, ಅ ಕೋನ 53 ಡಿಗ್ರಿ. ಬ ಕೋನ ಎಷ್ಟು? ಕೆಲವರು 180ರಿಂದ 118 ಕಳೆದು 62 ಪಡೆದು, ನಂತರ ತ್ರಿಭುಜದ ಮೊತ್ತದಿಂದ 65ಕ್ಕೆ ಬರುತ್ತಾರೆ. ಕೆಲವರು 118ರಿಂದ 53 ಕಳೆದು ನೇರವಾಗಿ 65 ಎನ್ನುತ್ತಾರೆ. ಎರಡನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆಸುತ್ತೇನೆ. ಪ್ರತಿ ಸಾಲಿನ ಬಲಬದಿಗೆ ಕಾರಣ ಬರೆಯಲೇಬೇಕು: ‘ಸರಳಯುಗ್ಮ’ (ಒಂದೇ ಸರಳರೇಖೆಯ ಮೇಲೆ ಅಕ್ಕಪಕ್ಕ ಕೂತು 180 ಆಗುವ ಎರಡು ಕೋನಗಳು), ‘ತ್ರಿಭುಜದ ಕೋನಗಳ ಮೊತ್ತ’, ‘ಬಾಹ್ಯಕೋನ’. ಕಾರಣವಿಲ್ಲದ ಸಂಖ್ಯೆ ಸರಿಯಾಗಿದ್ದರೂ ನಾನು ಅದಕ್ಕೆ ಸರಿ ಗುರುತು ಹಾಕುವುದಿಲ್ಲ.

ಮಕ್ಕಳು ಎಡವುವ ಜಾಗ ಬಹುಪಾಲು ಒಂದೇ. ಅಕ್ಕಪಕ್ಕ ಎರಡು ಕೋನ ಕಂಡರೆ ಸಾಕು, 180ರಿಂದ ಕಳೆದುಬಿಡುತ್ತಾರೆ. ಆ ಎರಡರ ಹೊರಬಾಹುಗಳು ಒಂದೇ ಸರಳರೇಖೆಯಲ್ಲಿವೆಯೇ ಎಂದು ನೋಡುವುದಿಲ್ಲ. ಇದಕ್ಕೆ ನಾನು ರೂಢಿ ಮಾಡಿಸಿರುವುದು ಸ್ಕೇಲಿನ ಪರೀಕ್ಷೆ. ಕಳೆಯುವ ಮೊದಲು ಸ್ಕೇಲಿನ ಅಂಚನ್ನು ಆ ಗೆರೆಯ ಮೇಲಿಟ್ಟು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳು ಆಡಿಸಬೇಕು. ಬಿಂದುವಿನ ಬಳಿ ಗೆರೆ ಸೊಟ್ಟಗಾದರೆ ಅಲ್ಲಿ ಸರಳಯುಗ್ಮವಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಹೀಗೆ ಸ್ಕೇಲಿಟ್ಟು, ಅದನ್ನು ಹಾಗೇ ಹಿಡಿದುಕೊಂಡು, ‘ಇದು ಇಲ್ಲೇ ಮುರದೈತ್ರೀ ಸರ, ಕಳೆಯಾಕ ಬರೂದಿಲ್ಲ’ ಎಂದು ಗಟ್ಟಿಯಾಗಿ ಹೇಳಿದ ದಿನ ಇಡೀ ತರಗತಿಗೆ ವಿಷಯ ನಾಟಿತು. ಸ್ಕೇಲು ಹೇಳುವುದು ಗೆರೆ ಎಲ್ಲಿ ಸೊಟ್ಟಗಾಗಿದೆ ಎಂಬುದನ್ನಷ್ಟೇ. ಸರಳರೇಖೆ ಎಂದು ಒಪ್ಪಿಕೊಳ್ಳಲು ಲೆಕ್ಕದಲ್ಲಿ ಹಾಗೆ ಹೇಳಿರಬೇಕು. ಚಿತ್ರದಲ್ಲಿ ಸಮವಾಗಿ ಕಂಡ ಬಾಹುಗಳನ್ನು ಸಮವೆಂದು ತೆಗೆದುಕೊಳ್ಳಬಾರದೆಂಬುದೂ ಇದೇ ಜಾತಿಯ ಎಚ್ಚರಿಕೆ. ಅದಕ್ಕಾಗಿ ಕರಿಹಲಗೆಯ ಮೇಲಿನ ಚಿತ್ರಗಳನ್ನು ನಾನು ಬೇಕೆಂದೇ ಅಳತೆಗೆ ಸರಿಹೊಂದದಂತೆ ಬರೆಯುತ್ತೇನೆ.

ಎರಡು ರೇಖೆಗಳು ಒಂದನ್ನೊಂದು ಛೇದಿಸಿ, ಎರಡೂ ಬದಿಗೆ ಒಂದೊಂದು ತ್ರಿಭುಜ ಆಗುವ ಚಿತ್ರದಲ್ಲಿ ಛೇದಬಿಂದುವಿನಲ್ಲಿಲ್ಲದ ಕೋನಗಳ ಪೈಕಿ ಒಂದು ತ್ರಿಭುಜದ ಎರಡು ಕೋನಗಳು 48 ಮತ್ತು 72, ಇನ್ನೊಂದರಲ್ಲಿ ಒಂದು ಕೋನ 55 ಎಂದು ಕೊಟ್ಟು, ಅದರ ಇನ್ನೊಂದು ಕೋನವನ್ನು ಕೇಳುತ್ತೇನೆ. ಕೇಳಿದ ಕೋನದ ಮೇಲೆಯೇ ಕಣ್ಣಿಟ್ಟು ಕುಳಿತವರಿಗೆ ದಾರಿ ಸಿಗುವುದಿಲ್ಲ. ‘ಕೇಳಿದ್ದನ್ನು ಸ್ವಲ್ಪ ಹೊತ್ತು ಬಿಡಿ, ಈಗ ಯಾವುದು ಸಿಗುತ್ತದೋ ಅದನ್ನು ತುಂಬಿ’ ಎಂದಾಗ ಮೊದಲ ತ್ರಿಭುಜದ ಮೂರನೇ ಕೋನ 60 ಎಂದು ತುಂಬುತ್ತಾರೆ, ಶೃಂಗಾಭಿಮುಖವಾಗಿ, ಅಂದರೆ ಛೇದಬಿಂದುವಿನ ಎದುರು ಬದಿಯ ಸಮ ಕೋನವಾಗಿ, ಆಚೆಗೂ 60 ಬರುತ್ತದೆ, ಉಳಿದದ್ದು 65. ಕೊಟ್ಟ ಕೋನಗಳಿಗೆ ನೀಲಿ, ನಾವು ಕಂಡುಹಿಡಿದವುಗಳಿಗೆ ಹಳದಿ ಸೀಮೆಸುಣ್ಣ ಬಳಸುವುದರಿಂದ ಯಾವುದು ದತ್ತ, ಯಾವುದು ನಮ್ಮ ಗಳಿಕೆ ಎಂಬುದು ಕೊನೆಯವರೆಗೂ ಬೆರೆಯುವುದಿಲ್ಲ.

ನನಗೆ ಅತ್ಯಂತ ಮೆಚ್ಚುಗೆಯಾದ ಲೆಕ್ಕದಲ್ಲಿ ಒಂದು ಸಂಖ್ಯೆಯೂ ಇಲ್ಲ. ಅಬಕ ತ್ರಿಭುಜದಲ್ಲಿ ಅಬ ಮತ್ತು ಅಕ ಸಮ. ಅಕ ಬಾಹುವಿನ ಮೇಲೆ ಡ ಎಂಬ ಬಿಂದುವಿದ್ದು, ಅಡ, ಬಡ, ಬಕ ಈ ಮೂರೂ ಸಮ. ಮೂರು ಕೋನಗಳನ್ನೂ ಕಂಡುಹಿಡಿಯಿರಿ. ‘ಸರ, ಇದರಾಗ ಒಂದೂ ಕೋನ ಕೊಟ್ಟಿಲ್ಲಲ್ರೀ’ ಎಂಬ ಮಾತು ಪ್ರತಿ ವರ್ಷವೂ ಬರುತ್ತದೆ. ಅ ಕೋನವನ್ನು ಎಕ್ಸ್ ಎಂದು ಕರೆಯೋಣ ಎನ್ನುವಷ್ಟನ್ನು ಮಾತ್ರ ನಾನು ಹೇಳುತ್ತೇನೆ. ಅಡ, ಬಡ ಸಮವಾದ್ದರಿಂದ ಅಬಡ ಕೋನವೂ ಎಕ್ಸ್. ಅಬಡ ತ್ರಿಭುಜಕ್ಕೆ ಬಡಕ ಬಾಹ್ಯಕೋನವಾದ್ದರಿಂದ ಅದು 2 ಎಕ್ಸ್. ಎಲ್ಲರೂ ಸ್ವಲ್ಪ ಹೊತ್ತು ನಿಲ್ಲುವುದು ಇಲ್ಲಿ, ಏಕೆಂದರೆ ಅಡಕ ಒಂದೇ ಸರಳರೇಖೆ ಎಂಬುದನ್ನು ಗಮನಿಸದೆ ಈ ಹೆಜ್ಜೆ ಹೊಳೆಯುವುದಿಲ್ಲ. ಬಡ, ಬಕ ಸಮವಾದ್ದರಿಂದ ಕ ಕೋನವೂ 2 ಎಕ್ಸ್. ಅಬ, ಅಕ ಸಮವಾದ್ದರಿಂದ ಬ ಶೃಂಗದ ಇಡೀ ಕೋನವೂ 2 ಎಕ್ಸ್. ಮೂರನ್ನೂ ಕೂಡಿದರೆ 5 ಎಕ್ಸ್ ಎಂಬುದು 180ಕ್ಕೆ ಸಮ, ಎಕ್ಸ್ 36, ಉಳಿದೆರಡು 72 ಮತ್ತು 72. ಸರಳರೇಖೆಯ 180 ಮತ್ತು ತ್ರಿಭುಜದ 180 ಎರಡೂ ಒಂದೇ ಲೆಕ್ಕದಲ್ಲಿ ಹೀಗೆ ಕೈಜೋಡಿಸುವುದನ್ನು ನೋಡಿದ ಮಗು ಮುಂದೆ ದೊಡ್ಡ ಚಿತ್ರಗಳಿಗೆ ಹೆದರುವುದಿಲ್ಲ. ಪಾದಕೋನಗಳು ಶೃಂಗಕೋನದ ಎರಡರಷ್ಟಿರುವ ಈ ಸಮದ್ವಿಬಾಹು ತ್ರಿಭುಜದ ರಚನೆಯನ್ನೇ ಯೂಕ್ಲಿಡ್ ನಾಲ್ಕನೇ ಸಂಪುಟದ 10ನೇ ಪ್ರಮೇಯದಲ್ಲಿ ಕೊಟ್ಟು, ಅದರ ನೆರವಿನಿಂದ ಮರುಪ್ರಮೇಯದಲ್ಲಿ ವೃತ್ತದೊಳಗೆ ನಿಯಮಿತ ಪಂಚಭುಜವನ್ನು ರಚಿಸುತ್ತಾನೆ. ಆಸಕ್ತಿ ಇರುವವರಿಗೆ ಪಂಚಭುಜದ ಎಲ್ಲ ಕರ್ಣಗಳನ್ನೂ ಎಳೆದು 36, 72, 108ರ ಕೋನಗಳನ್ನು ಹುಡುಕಲು ಬಿಡುತ್ತೇನೆ.

ಶಾಲೆಯ ಮೈದಾನದಿಂದ ಗುಡ್ಡದ ಬಂಡೆಗಳು ಕಾಣುತ್ತವೆ. ಮೈದಾನದಲ್ಲಿ ಎರಡು ಗೂಟ ನೆಟ್ಟು, ಅವುಗಳ ನಡುವೆ ದಾರ ಬಿಗಿದು, ಕರಿಹಲಗೆಯ ದೊಡ್ಡ ಕೋನಮಾಪಕವನ್ನು ಸ್ಟೂಲಿನ ಮೇಲಿಟ್ಟು, ಪ್ರತಿ ಗೂಟದ ಬಳಿಯೂ ದಾರಕ್ಕೂ ಒಂದು ಗೊತ್ತಾದ ಬಂಡೆಯ ನೋಟಕ್ಕೂ ನಡುವಿನ ಕೋನವನ್ನು ಅಳೆಸುತ್ತೇನೆ. ಒಂದು ಕಡೆ 84, ಇನ್ನೊಂದು ಕಡೆ 90 ಬಂದರೆ ಬಂಡೆಯ ಬಳಿಯ ಕೋನ 6 ಡಿಗ್ರಿ. ಅಲ್ಲಿಗೆ ಯಾರೂ ಹತ್ತಬೇಕಾಗಿಲ್ಲ. ಆದರೆ ಕಳೆದು ಪಡೆದ ಮೂರನೇ ಕೋನವು ಮೊದಲೆರಡರ ದೋಷವನ್ನು ಮರೆಮಾಚುತ್ತದೆ ಎಂಬುದನ್ನೂ ಇಲ್ಲಿಯೇ ಹೇಳಬೇಕಾಗುತ್ತದೆ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಿಂದ ಆರಂಭಿಸಿದ, ನೆಲವನ್ನು ದೊಡ್ಡ ದೊಡ್ಡ ತ್ರಿಭುಜಗಳ ಜಾಲವಾಗಿ ಅಳೆಯುವ ತ್ರಿಕೋನಮಿತೀಯ ಸರ್ವೆಯಲ್ಲಿ ಸಾಧ್ಯವಾದಲ್ಲೆಲ್ಲ ಮೂರು ಕೋನಗಳನ್ನೂ ಅಳೆದು ಮೊತ್ತವನ್ನು ತಾಳೆ ನೋಡುತ್ತಿದ್ದುದು ಇದಕ್ಕಾಗಿಯೇ. ಭೂಮಿ ದುಂಡಗಿರುವುದರಿಂದ ಅಷ್ಟು ದೊಡ್ಡ ತ್ರಿಭುಜಗಳಲ್ಲಿ ಮೊತ್ತ 180ಕ್ಕಿಂತ ಕೆಲವು ಸೆಕೆಂಡುಗಳಷ್ಟು (ಒಂದು ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಹೆಚ್ಚು ಬರುತ್ತದೆ ಎಂದಾಗ ತರಗತಿಯಲ್ಲಿ ಏಳುವ ಪ್ರಶ್ನೆಗಳಿಗೆ ಒಂದು ಅವಧಿ ಸಾಲುವುದಿಲ್ಲ.

ಪಾಠದ ಕೊನೆಯ ಭಾಗದಲ್ಲಿ ಮಕ್ಕಳೇ ಲೆಕ್ಕ ಕಟ್ಟಿ ಪಕ್ಕದವರಿಗೆ ಕೊಡಬೇಕು. ಬಿಡಿಸುವುದಕ್ಕಿಂತ ಕಟ್ಟುವುದು ಕಷ್ಟ, ಏಕೆಂದರೆ ಕೊಟ್ಟ ಸಂಖ್ಯೆಗಳು ಒಂದಕ್ಕೊಂದು ಹೊಂದಬೇಕು. ಅ ಕೋನ 2 ಎಕ್ಸ್, ಬ ಕೋನ ಎಕ್ಸ್‌ಗಿಂತ 15 ಹೆಚ್ಚು, ಕ ಶೃಂಗದ ಬಾಹ್ಯಕೋನ 4 ಎಕ್ಸ್‌ಗಿಂತ 25 ಕಡಿಮೆ ಎಂದು ಒಬ್ಬ ಹುಡುಗ ಕಟ್ಟಿದ ಲೆಕ್ಕ ಚೆನ್ನಾಗಿ ಕೂಡಿಬಂದು, ಎಕ್ಸ್ 40 ಆಗಿ, ಕೋನಗಳು 80, 55, 45 ಎಂದು ಬಂದವು. ಅದೇ ದಿನ ಒಬ್ಬ ಹುಡುಗಿ ಬಾಹ್ಯಕೋನ 95, ಅಂತರಾಭಿಮುಖ ಕೋನಗಳಲ್ಲಿ ಒಂದು 102 ಎಂದು ಬರೆದು ಕೊಟ್ಟಳು. ಪಕ್ಕದವಳು ಕಳೆಯಲು ಹೋಗಿ ಪೆನ್ಸಿಲ್ ಕೆಳಗಿಟ್ಟು, ‘ಇಂಥಾ ತ್ರಿಭುಜ ಇರಾಕ ಸಾಧ್ಯ ಇಲ್ಲ, ಹೊರಗಿಂದು ಒಳಗಿಂದಕ್ಕಿಂತ ದೊಡ್ಡದಿರಬೇಕು’ ಎಂದಳು. ಬಾಹ್ಯಕೋನವು ಪ್ರತಿಯೊಂದು ಅಂತರಾಭಿಮುಖ ಕೋನಕ್ಕಿಂತಲೂ ದೊಡ್ಡದು ಎಂಬುದು ಯೂಕ್ಲಿಡನ ಮೊದಲ ಸಂಪುಟದ 16ನೇ ಪ್ರಮೇಯ. ಅದನ್ನು ನಾನು ಆ ತರಗತಿಗೆ ಇನ್ನೂ ಹೇಳಿರಲಿಲ್ಲ.