ಕಾಫಿ ಲೋಟದಿಂದಲೇ ಶುರು ಮಾಡಿ: ಸಕ್ಕರೆ ಚಪಲ ಇಳಿಸುವುದು ಹೇಗೆ?

ಸಕ್ಕರೆ ಕಡಿಮೆ ಮಾಡಬೇಕು ಅಂದ ಕೂಡಲೇ ಎಲ್ಲರೂ ಮೊದಲು ದೂರ ತಳ್ಳುವುದು ಮೈಸೂರು ಪಾಕು, ಜಿಲೇಬಿಯನ್ನ. ಪಾಪ, ಅವು ಮನೆಗೆ ಬರುವುದೇ ಅಪರೂಪಕ್ಕೆ. ಹಾಸನ, ಚಿಕ್ಕಮಗಳೂರು ಕಡೆ ದಿನವೂ ಸಕ್ಕರೆ ಹೊಟ್ಟೆಗೆ ಇಳಿಯುವ ದಾರಿ ಬೇರೆ. ಮೊದಲನೆಯದು ಕಾಫಿ ಲೋಟ. ಅದರ ಜೊತೆ ಎರಡು ಬಿಸ್ಕತ್ತು. ಪೇಟೆಗೆ ಹೋದರೆ ಬೇಕರಿ, ಊರಿಗೆ ಹೊರಟರೆ ಬಸ್ ಸ್ಟ್ಯಾಂಡಿನ ಜ್ಯೂಸು.

ಲೆಕ್ಕ ಹಾಕಿ ನೋಡಿ. ಒಂದು ದಿನದ ಆಹಾರದಿಂದ ಸಿಗುವ ಶಕ್ತಿಯಲ್ಲಿ ಸೇರಿಸಿದ ಸಕ್ಕರೆಯ ಪಾಲು ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆ ಶೇ 5 ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂ. ನಮ್ಮ ಅಳತೆಯಲ್ಲಿ ಆರು ಟೀ ಚಮಚ. ಲೋಟಕ್ಕೆ ಎರಡು ಚಮಚದ ಹಾಗೆ ನಾಲ್ಕು ಲೋಟ ಕಾಫಿ ಕುಡಿದರೆ ಎಂಟು ಚಮಚ ಆಯಿತು. ಬಿಸ್ಕತ್ತಿನ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಮೊದಲು ಮೂರು ದಿನ ಬರೆದಿಡಿ

ಈ ಮೂರು ದಿನ ಏನನ್ನೂ ಬಿಡಬೇಡಿ, ಸುಮ್ನೆ ಬರೆಯಿರಿ. ಹಳೆ ಕ್ಯಾಲೆಂಡರಿನ ಹಿಂಬದಿ ಸಾಕು. ಎಷ್ಟು ಗಂಟೆಗೆ ತಿಂದಿರಿ, ಏನು, ಎಷ್ಟು ಚಮಚ, ಅದಕ್ಕೆ ಮೊದಲು ಹೊಟ್ಟೆ ತುಂಬಾ ತಿಂದದ್ದು ಯಾವಾಗ. ಈ ಕೊನೆಯದನ್ನು ಮರೆಯಬೇಡಿ. ಗುಟ್ಟು ಇರುವುದು ಅಲ್ಲೇ.

ಮಧ್ಯಾಹ್ನ ಒಂದಕ್ಕೆ ಊಟ, ರಾತ್ರಿ ಒಂಬತ್ತಕ್ಕೆ ಮತ್ತೆ ಊಟ ಅಂದರೆ ನಡುವೆ ಎಂಟು ಗಂಟೆ. ಐದಕ್ಕೆ ಸಿಹಿ ಬೇಕು ಅನ್ನಿಸಿದರೆ ಅದನ್ನು ಚಪಲ ಅಂತ ಬೈದುಕೊಳ್ಳಬೇಕಿಲ್ಲ, ಅದು ಹಸಿವು. ಬೆಳಗ್ಗೆ ಬರೀ ಅಕ್ಕಿ ರೊಟ್ಟಿ, ಚಟ್ನಿ ತಿಂದವರಿಗೆ ಹನ್ನೊಂದು ಗಂಟೆಗೇ ಬಿಸ್ಕತ್ತಿನ ನೆನಪಾಗುತ್ತದೆ. ಅದೇ ರೊಟ್ಟಿಯ ಜೊತೆ ಕಾಳಿನ ಪಲ್ಯವೋ ಮೊಟ್ಟೆಯೋ ಇದ್ದರೆ ಮಧ್ಯಾಹ್ನದವರೆಗೆ ತಡೆಯುತ್ತದೆ. ಪ್ರೋಟೀನು, ನಾರು ಇರುವ ತಿಂಡಿ ನಿಧಾನಕ್ಕೆ ಅರಗುತ್ತದೆ. ಸಕ್ಕರೆ, ಮೈದಾ ಬೇಗ ರಕ್ತಕ್ಕೆ ಸೇರಿ ಬೇಗ ಇಳಿದು ಮತ್ತೆ ಬೇಡುತ್ತವೆ.

ನಿದ್ದೆಯನ್ನೂ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ನಿದ್ದೆಗೆಟ್ಟ ಮರುದಿನ ಸಿಹಿ ಕೇಳುವುದು ಜಾಸ್ತಿ.

ಕಾಫಿ: ವಾರಕ್ಕೆ ಕಾಲು ಚಮಚ

ಸಕ್ಕರೆಯನ್ನು ಒಂದೇ ಸಲಕ್ಕೆ ನಿಲ್ಲಿಸುವ ಶಪಥ ಹೆಚ್ಚು ದಿನ ಬಾಳುವುದಿಲ್ಲ. ಇಳಿಸುವುದು ಸುಲಭ. ಸಕ್ಕರೆ ಡಬ್ಬಿಯೊಳಗೆ ಇರುವ ಚಮಚ ತೆಗೆದು ನೋಡಿ. ಎಷ್ಟೋ ಮನೆಗಳಲ್ಲಿ ಅದು ಟೀ ಚಮಚವೇ ಅಲ್ಲ, ಊಟದ ಚಮಚ. ಅದನ್ನೂ ಗೋಪುರ ಮಾಡಿ ಹಾಕುತ್ತೇವೆ. ಸಣ್ಣ ಟೀ ಚಮಚ ಇಟ್ಟುಕೊಂಡು, ತಲೆ ಸವರಿ ಹಾಕಿ. ಹಾಗೆ ಅಳೆದರೆ ಒಂದು ಚಮಚ ಅಂದಾಜು 4 ಗ್ರಾಂ. ಅಲ್ಲಿಂದ ವಾರಕ್ಕೆ ಕಾಲು ಚಮಚ ಇಳಿಸುತ್ತಾ ಬನ್ನಿ. ಎರಡು ಚಮಚ ಇದ್ದವರು ಆರು ವಾರಕ್ಕೆ ಅರ್ಧ ಚಮಚಕ್ಕೆ ಬರುತ್ತೀರಿ. ನಾಲಿಗೆಗೆ ಗೊತ್ತೇ ಆಗುವುದಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಎರಡು ದಿನ ಸಪ್ಪೆ ಅನ್ನಿಸುತ್ತದೆ, ಮೂರನೇ ದಿನ ಮರೆಯುತ್ತದೆ.

ಇದರ ಜೊತೆಗೇ ಕಾಫಿ ಪುಡಿಯ ಕಡೆಗೂ ನೋಡಿ. ಕಾಫಿ ಬೆಳೆಯುವ ಜಿಲ್ಲೆಯಲ್ಲಿದ್ದುಕೊಂಡು ನಾವು ಎಷ್ಟೋ ಸಲ ಚಿಕೋರಿ ಕಹಿಗೆ ಸಕ್ಕರೆ ಸುರಿಯುತ್ತೇವೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಬೇಕು ಅನ್ನುವುದು ನಿಯಮ. ಅಂದರೆ ಶೇ 49ರವರೆಗೆ ಚಿಕೋರಿ ಇರಬಹುದು. ಪ್ಯಾಕೆಟ್ ಮೇಲೆ ಅದನ್ನು ಬರೆದಿರುತ್ತಾರೆ, ಓದಿ. ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ ಊರಲ್ಲಿದ್ದರೆ ಇನ್ನೂ ಒಳ್ಳೆಯದು. ‘ಅರೇಬಿಕಾ ಜಾಸ್ತಿ ಇರಲಿ, ಚಿಕೋರಿ ಕಮ್ಮಿ ಮಾಡಿ, ತೀರಾ ಕಪ್ಪಗೆ ಹುರಿದದ್ದು ಬೇಡ’ ಅಂತ ಕೇಳಿ. ರೊಬಸ್ಟಾದ ಕಹಿ, ಕೆಫೀನು ಎರಡೂ ಹೆಚ್ಚು. ಇಳಿದ ಡಿಕಾಕ್ಷನ್ನನ್ನು ಮತ್ತೆ ಒಲೆಗಿಟ್ಟು ಕುದಿಸಬೇಡಿ. ಹಾಲು ಕುದಿಸಿ ಅದಕ್ಕೆ ಡಿಕಾಕ್ಷನ್ ಬೆರೆಸಿ. ನೀರು ಹಾಕದ ಗಟ್ಟಿ ಹಾಲಿಗೆ ಅದರದ್ದೇ ಒಂದು ಸಿಹಿ ಇದೆ. ಅದು ನಾಲಿಗೆಗೆ ತಿಳಿಯುವುದು ಸಕ್ಕರೆ ಇಳಿಸಿದ ಮೇಲೆ.

ನಿಜವಾದ ಕಷ್ಟ ಇರುವುದು ನೆಂಟರ ಮನೆಯಲ್ಲಿ. ‘ಸಕ್ಕರೆ ಬೇಡ’ ಅಂದಿರೋ, ‘ಅಯ್ಯೋ, ನಿಂಗ್ಯಾವಾಗ ಶುಗರ್ ಬಂತು?’ ಅಂತ ವಿಚಾರಣೆ ಶುರು. ಕಾಫಿ ಬೆರೆಸಿದ ಮೇಲೆ ಹೇಳಿದರೆ ಮಾಡಿದವರಿಗೂ ಬೇಜಾರು. ಬಂದವರು ಕೈಕಾಲು ತೊಳೆಯುವ ನೆಪದಲ್ಲಿ ಅಡುಗೆಮನೆ ಬಾಗಿಲಿಗೆ ಹೋಗಿ, ‘ಅತ್ತೆ, ನಂಗೆ ಅರ್ಧ ಲೋಟ ಸಾಕು, ಸಕ್ಕರೆ ಕಮ್ಮಿ’ ಅಂದುಬಿಡಿ. ಸಂಜೆಯೊಳಗೆ ಮೂರು ಮನೆ ಸುತ್ತಬೇಕಿದ್ದರೆ ಅರ್ಧ ಲೋಟವೇ ದೊಡ್ಡ ಉಳಿತಾಯ.

ಬೆಲ್ಲ ಹಾಕಿದರೆ ಪರವಾಗಿಲ್ವಾ?

ಬೆಲ್ಲದಲ್ಲಿ ಅಲ್ಪಸ್ವಲ್ಪ ಖನಿಜಾಂಶ ಇರುವುದು ನಿಜ. ಆದರೆ ಅದರ ಬಹುಪಾಲು ಸಕ್ಕರೆಯೇ. ಜೇನುತುಪ್ಪ, ಹಣ್ಣಿನ ರಸವನ್ನೂ ವಿಶ್ವ ಆರೋಗ್ಯ ಸಂಸ್ಥೆ ಅದೇ 25 ಗ್ರಾಂ ಲೆಕ್ಕಕ್ಕೆ ಸೇರಿಸುತ್ತದೆ. ಇಡೀ ಹಣ್ಣು ಮತ್ತು ಹಾಲಿನಲ್ಲಿ ತಾನಾಗಿ ಇರುವ ಸಿಹಿಯನ್ನು ಸೇರಿಸುವುದಿಲ್ಲ. ಜೋನಿ ಬೆಲ್ಲದ ಜೊತೆ ನೀರು ದೋಸೆ ತಿನ್ನಬೇಡಿ ಅನ್ನುವ ಧೈರ್ಯ ನನಗಿಲ್ಲ. ತಿಂದ ದಿನ ಕಾಫಿಯಲ್ಲಿ ಅಷ್ಟು ಕಡಿಮೆ ಮಾಡಿ. ಸಕ್ಕರೆ ಬದಲಿಗೆ ಬರುವ ಸಿಹಿ ಗುಳಿಗೆಗಳನ್ನು ತೂಕ ಇಳಿಸಲು ನೆಚ್ಚಿಕೊಳ್ಳಬೇಡಿ ಎಂದೂ ಅದೇ ಸಂಸ್ಥೆ 2023ರಲ್ಲಿ ಹೇಳಿದೆ. ಈಗಾಗಲೇ ಮಧುಮೇಹ ಇರುವವರಿಗೆ ಆ ಮಾತು ಅನ್ವಯಿಸುವುದಿಲ್ಲ, ಅವರು ವೈದ್ಯರನ್ನು ಕೇಳಲಿ.

ನಾಲ್ಕು ಗಂಟೆಯ ಡಬ್ಬಿ

ಹಸಿದಾಗ ಕೈ ಹೋಗುವುದು ಎದುರಿಗಿದ್ದ ಡಬ್ಬಿಗೆ. ಬಿಸ್ಕತ್ತು ಅಟ್ಟದ ಮೇಲಿರಲಿ, ಹುರಿದ ಕಾಳು ಕೈಗೆ ಸಿಗುವ ಕಡೆ ಇರಲಿ.

ಒಂದು ಲೋಟ ಕಡಲೆಬೀಜ, ಒಂದು ಲೋಟ ಹುರಿಗಡಲೆ, ಅರ್ಧ ಲೋಟ ತೆಳ್ಳಗೆ ಹೆಚ್ಚಿದ ಕೊಬ್ಬರಿ, ಎರಡು ಎಸಳು ಕರಿಬೇವು, ನಾಲ್ಕು ಎಸಳು ಬೆಳ್ಳುಳ್ಳಿ ತೆಗೆದುಕೊಳ್ಳಿ. ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕಡಲೆಬೀಜ ಹುರಿಯಿರಿ. ಚಟಪಟ ಅಂದು, ಮೈಮೇಲೆ ಕಂದು ಚುಕ್ಕೆ ಬಂದು, ಉಜ್ಜಿದರೆ ಸಿಪ್ಪೆ ಬಿಡಬೇಕು. ಅದನ್ನು ತೆಗೆದಿಟ್ಟು, ಒಂದು ಚಮಚ ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಗರಿಗರಿ ಮಾಡಿ, ಕೊಬ್ಬರಿ ಬಿಸಿ ಮಾಡಿ. ಒಲೆ ಆರಿಸಿದ ಮೇಲೆಯೇ ಅರಿಶಿನ, ಖಾರದ ಪುಡಿ, ಉಪ್ಪು ಹಾಕಿ. ಉರಿಯಲ್ಲಿ ಹಾಕಿದರೆ ಖಾರದ ಪುಡಿ ಸೀಯುತ್ತದೆ. ಎಲ್ಲ ಬೆರೆಸಿ, ಅಗಲ ತಟ್ಟೆಯಲ್ಲಿ ಹರಡಿ. ಪೂರ್ತಿ ಆರಿದ ಮೇಲೆ ಡಬ್ಬಿಗೆ. ಬಿಸಿಯಿದ್ದಾಗಲೇ ಮುಚ್ಚಳ ಹಾಕಿದರೆ ಸಂಜೆಗೇ ಮೆತ್ತಗೆ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದಲ್ಲಿ ಹಪ್ಪಳವೇ ಒದ್ದೆ ಬಟ್ಟೆಯಾಗುತ್ತದೆ, ಹಾಗಾಗಿ ಅಲ್ಲಿಯವರು ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಿ.

ಒಂದು ಸಲಕ್ಕೆ ಒಂದು ಹಿಡಿ. ಬಟ್ಟಲಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಡಿ. 30 ಗ್ರಾಂ ಕಡಲೆಬೀಜದಲ್ಲೇ ಸುಮಾರು 170 ಕ್ಯಾಲೊರಿ ಇದೆ. ಟಿವಿ ಮುಂದೆ ಡಬ್ಬಿ ಸಮೇತ ಕೂತರೆ ಲೆಕ್ಕ ತಪ್ಪುತ್ತದೆ. ಪುಟ್ಟ ಮಕ್ಕಳಿಗೆ ಇಡೀ ಕಡಲೆಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕುಟ್ಟಿ ಕೊಡಿ.

ದಿನಾ ಇದೇ ಬೇಜಾರು ಅಲ್ವಾ? ಹೆಸರುಕಾಳು ಉಸಲಿ, ಬೇಯಿಸಿದ ಗೆಣಸು, ಈರುಳ್ಳಿ-ಸೌತೆಕಾಯಿ-ನಿಂಬೆಹುಳಿ ಹಾಕಿದ ಕಡ್ಲೆಪುರಿ, ಕಾಲಕ್ಕೆ ತಕ್ಕಂತೆ ಬೇಯಿಸಿದ ಹಸಿ ಕಡಲೆಕಾಯಿ, ಅವರೆಕಾಳು. ರಾಗಿ ಹುರಿಹಿಟ್ಟನ್ನು ಬೆಲ್ಲ-ಹಾಲಿನ ಬದಲು ಮಜ್ಜಿಗೆ, ಉಪ್ಪು, ಹಸಿ ಈರುಳ್ಳಿ ಹಾಕಿ ಕಲಸಿ ನೋಡಿ.

ಊಟ ಆದಮೇಲೆ ಸಿಹಿ ಬೇಕೇಬೇಕು ಅನ್ನುವವರಿಗೆ ಒಂದು ಏಲಕ್ಕಿ ಬಾಳೆ, ಅಥವಾ ಪೇರಲೆ, ಕಿತ್ತಳೆ. ಖರ್ಜೂರ ಎರಡೇ ಎರಡು. ಹೋಟೆಲಿನಲ್ಲಿ ಬಿಲ್ ಜೊತೆ ಕೊಡುವ ಬಣ್ಣದ ಸೋಂಪಿನ ಮೇಲಿರುವುದೂ ಸಕ್ಕರೆಯೇ, ಬರೀ ಸೋಂಪು ಸಾಕು. ಆಮೇಲೂ ತಿನ್ನಬೇಕು ಅನ್ನಿಸಿದರೆ ಒಂದು ಲೋಟ ನೀರು ಕುಡಿದು ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ. ಎಷ್ಟೋ ಸಲ ಅಷ್ಟರಲ್ಲೇ ಹೋಗಿರುತ್ತದೆ.

ಬೇಕರಿ, ಪ್ಯಾಕೆಟ್ಟು

ಅಯ್ಯಂಗಾರ್ ಬೇಕರಿಗಳ ಮೂಲವೇ ಹಾಸನ ಜಿಲ್ಲೆಯಲ್ಲಿರುವಾಗ ಬೇಕರಿ ಮುಂದೆ ಕಣ್ಣು ಮುಚ್ಚಿಕೊಂಡು ಹೋಗಿ ಅಂದರೆ ಯಾರು ಕೇಳುತ್ತಾರೆ? ಆರಿಸುವುದನ್ನು ಕಲಿತರೆ ಸಾಕು. ಹನಿ ಕೇಕ್ ಅಂದರೆ ಪಾಕದಲ್ಲಿ ನೆನೆದ ಕೇಕು, ಮೇಲೆ ಜಾಮು. ದಿಲ್‌ಪಸಂದ್‌ನ ಹೊಟ್ಟೆಯೊಳಗೂ ಸಕ್ಕರೆಯೇ. ಕಾಂಗ್ರೆಸ್ ಕಡಲೆಬೀಜದ ಸಣ್ಣ ಪೊಟ್ಟಣ ತಗೊಳ್ಳಿ. ದಿಲ್‌ಪಸಂದ್ ಬೇಕೇ ಅಂದರೆ ಒಂದು ಚೂರನ್ನು ಇಬ್ಬರು ಹಂಚಿಕೊಳ್ಳಿ.

ಪ್ಯಾಕೆಟ್ಟಿನ ಮುಂಭಾಗದ ಚಿತ್ರ ನಂಬಬೇಡಿ, ಹಿಂದೆ ತಿರುಗಿಸಿ. ಯಾವುದು ಜಾಸ್ತಿ ಇದೆಯೋ ಅದರ ಹೆಸರು ಮೊದಲು ಇರುತ್ತದೆ. ರಾಗಿ ಬಿಸ್ಕತ್ತಿನಲ್ಲಿ ಮೈದಾ, ಸಕ್ಕರೆ ಮೊದಲು ಬಂದು ರಾಗಿ ಕೊನೆಗೆ ಬಂದರೆ ಅದು ರಾಗಿ ಬಿಸ್ಕತ್ತಲ್ಲ. ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್ ಅಂತ ಇದ್ದರೆ ಅವೂ ಸಕ್ಕರೆಯ ನೆಂಟರೇ. 100 ಗ್ರಾಂಗೆ ಎಷ್ಟು ಸಕ್ಕರೆ ಅಂತ ನೋಡಿ ನಾಲ್ಕರಿಂದ ಭಾಗಿಸಿ, ಚಮಚ ಸಿಗುತ್ತದೆ.

ಬಸ್ಸು, ರೈಲು, ಘಾಟಿ

ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿಲೋಮೀಟರ್. ನಡುವೆ ಬಸ್ಸು ನಿಲ್ಲುವುದು ಡ್ರೈವರ್ ನಿಲ್ಲಿಸಿದ ಹೋಟೆಲಿನಲ್ಲಿ. ಸಕಲೇಶಪುರ ಬಿಟ್ಟ ರೈಲು 57 ಸುರಂಗ ದಾಟಿ ಸುಬ್ರಹ್ಮಣ್ಯ ರೋಡ್ ಸೇರುವವರೆಗೆ ಇಳಿದು ತಿನ್ನುವ ಮಾತೇ ಇಲ್ಲ. ಹೊರಡುವ ಮೊದಲು ಹೊಟ್ಟೆಗೆ ಸರಿಯಾಗಿ ಹಾಕಿಕೊಳ್ಳಿ, ನಾಲ್ಕು ಗಂಟೆಯ ಡಬ್ಬಿಯಿಂದ ಎರಡು ಹಿಡಿ ಕಟ್ಟಿಕೊಳ್ಳಿ. ಚಪಾತಿಗೆ ಚಟ್ನಿಪುಡಿ ಇರಲಿ, ಹಸಿ ಕಾಯಿ ಚಟ್ನಿ ಬಿಸಿಲಿಗೆ ಹಳಸುತ್ತದೆ. ಬಾಳೆಹಣ್ಣು ಬ್ಯಾಗಿನ ಮೇಲ್ಭಾಗದಲ್ಲಿ. ಮಜ್ಜಿಗೆ ಬಾಟಲಿಯನ್ನು ಕಂಠಮಟ್ಟ ತುಂಬಬೇಡಿ, ಹುಳಿಯೇರಿ ಉಕ್ಕುತ್ತದೆ.

ಹೋಟೆಲಿನಲ್ಲಿ ಇಡ್ಲಿ ತಿಂದು ‘ಒಂದು ವಿತೌಟ್ ಕಾಫಿ’ ಅನ್ನಿ, ಜೊತೆಗೆ ಸಕ್ಕರೆ ಬೇರೆ ಕೇಳಿ ಅರ್ಧ ಚಮಚ ನೀವೇ ಹಾಕಿಕೊಳ್ಳಿ. ಮಷಿನ್ ಕಾಫಿಯಲ್ಲಿ ಸಾಮಾನ್ಯವಾಗಿ ಸಕ್ಕರೆ ಮೊದಲೇ ಬೆರೆತಿರುತ್ತದೆ, ಕೇಳಿ ಪ್ರಯೋಜನ ಇಲ್ಲ. ಬಾಯಾರಿದರೆ ನೀರು, ಮಜ್ಜಿಗೆ, ಎಳನೀರು. 300 ಮಿಲಿ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ, ದಿನದ ಲೆಕ್ಕ ಒಂದೇ ಬಾಟಲಿಗೆ ಮುಗಿಯಿತು. ಬಸ್ ಸ್ಟ್ಯಾಂಡಿನಲ್ಲಿ ಉಪ್ಪು-ಖಾರ ಹಚ್ಚಿದ ಸೌತೆಕಾಯಿ ಸಿಕ್ಕರೆ ಬಿಡಬೇಡಿ. ಎದುರಿಗೇ ತೊಳೆದು ಸೀಳಿಸಿಕೊಳ್ಳಿ.

ಚಾರ್ಮಾಡಿ, ಶಿರಾಡಿ ತಿರುವಿನಲ್ಲಿ ಹೊಟ್ಟೆ ತೊಳೆಸುತ್ತದೆ ಅಂತ ಪೆಪ್ಪರಮಿಂಟು ಚೀಪುವವರು ಒಂದು ತುಂಡು ಹಸಿಶುಂಠಿಗೆ ಉಪ್ಪು ಹಚ್ಚಿ ಬಾಯಲ್ಲಿಟ್ಟುಕೊಂಡು ನೋಡಿ. ಖಾಲಿ ಹೊಟ್ಟೆಯಲ್ಲಿ ಘಾಟಿ ಇಳಿಯುವುದೂ ಕಷ್ಟ, ತುಂಬಾ ತಿಂದು ಇಳಿಯುವುದೂ ಕಷ್ಟ.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಈ ಬದಲಾವಣೆಯನ್ನೆಲ್ಲ ವೈದ್ಯರಿಗೆ ತಿಳಿಸಿ ಮಾಡಬೇಕು. ದಾರಿಯಲ್ಲಿ ಊಟ ತಡವಾಗಿ ಬೆವರು, ಕೈನಡುಕ, ತಲೆಸುತ್ತು ಬಂದರೆ ರಕ್ತದಲ್ಲಿ ಸಕ್ಕರೆ ತೀರಾ ಇಳಿದಿರಬಹುದು, ಆಗ ಸಕ್ಕರೆಯೇ ಔಷಧಿ. ಮೂರು-ನಾಲ್ಕು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿದು, ಕಾಲು ಗಂಟೆ ಬಿಟ್ಟು ನೋಡಿ. ಬೆವರು, ನಡುಕ ಕಡಿಮೆಯಾಗದಿದ್ದರೆ ಮತ್ತೊಮ್ಮೆ ಕುಡಿಯಬೇಕು, ಆಮೇಲೆ ಊಟ. ಅದಕ್ಕೆ ಒಂದು ಪೊಟ್ಟಣ ಸಕ್ಕರೆ ಅಥವಾ ಗ್ಲೂಕೋಸನ್ನು ಬ್ಯಾಗಿನ ಹೊರಗಿನ ಜೇಬಿನಲ್ಲಿಡಿ. ಎಲ್ಲಿದೆ ಅಂತ ಜೊತೆಗಿರುವವರಿಗೂ ಹೇಳಿರಿ. ಮೈಮೇಲೆ ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕದೆ ನೇರ ಆಸ್ಪತ್ರೆಗೆ ಕರೆದೊಯ್ಯಬೇಕು ಅನ್ನುವುದನ್ನೂ ಸೇರಿಸಿ ಹೇಳಿ.